ಮುಷ್ಟಿ ಜೋಳ, ಮನೆಪಟ್ಟಿ

ಕೊಂಢವಾ,
ಪುಣೆ, ನವೆಂಬರ್ ೯

ಮಗ ಬಸವಪ್ರಭುವಿಗೆ,

ನಿನ್ನ ದೊಡ್ಡವ್ವ ಪಾರವ್ವ ಬರೆಯುತ್ತಿರುವುದು. ಊಟಕ್ಕೆ ಬಟ್ಟೆಗೆ ನಮಗೇನೂ ಕೊರತೆ ಇಲ್ಲ. ನಿನ್ನ ದೊಡ್ಡಪ್ಪನಿಗೆ ಉಸಿರಿನದೊಂದೇ ಕೊರತೆ. ನಿನ್ನೆಯಿಂದ ಫೋನು ಮಾಡಿ ಸಾಕಾಯಿತು. ಯಾವನೋ ಹುಡುಗ ಎತ್ತಿ, ಭಾವೂ ಮೀಟಿಂಗಿನಲ್ಲಿದ್ದಾರೆ ಅನ್ನುತ್ತಾನೆ, ನೀನು ಅವನಿಗೆ ಅಣ್ಣನಂತೆ. ನಾನು ಯಾರೆಂದು ಹೇಳಿದರೆ "ಅರೇ, ಫ್ಲೆಕ್ಸ್‌ವಾಲಿ ಮಾವಶಿ!" ಎಂದು ಪಕ್ಕದವನಿಗೂ ಹೇಳಿ ನಗುತ್ತಾನೆ. ಕಾಗದವನ್ನಾದರೂ ನೀನೇ ಒಡೆಯುತ್ತೀ ಎಂದುಕೊಂಡು ಕುಳಿತೆ. ತಪ್ಪಿದ್ದರೆ ತಿದ್ದಿಕೊಂಡು ಓದು. ನನಗೆ ಅಕ್ಷರ ಕಲಿಸಿದ್ದು ನೀನು ಹರಿದು ಬಿಸಾಡಿದ ಶಾಲೆಯ ಪುಸ್ತಕಗಳು, ಮಾಸ್ತರರಲ್ಲ.

ನಿನ್ನೆ ಕೊತ್ತಂಬರಿ ತರಲು ಚೌಕಕ್ಕೆ ಹೋದೆ. ಪಾನ್ ಅಂಗಡಿಯ ಮೇಲೆ ನನ್ನ ಮುಖ! ಬಾಗಿಲಷ್ಟು ದೊಡ್ಡದು. ಮೂಗಿನ ಮೇಲಿನ ನರುಳ್ಳಿ ಕೂಡ ರೊಟ್ಟಿಯ ಗಾತ್ರಕ್ಕೆ ಬೆಳೆದಿದೆ. ಪಕ್ಕದಲ್ಲಿ ನೀನು ಕೈ ಮುಗಿದು ನಿಂತಿದ್ದೀ. ದೊಡ್ಡಪ್ಪನ ಜೊತೆ ಕಲ್ಲು ಕತ್ತರಿಸುತ್ತಿದ್ದ ನಮ್ಮ ಫಕೀರಪ್ಪ ಅಲ್ಲೇ ಬೀಡಿ ಇಲ್ಲದ ಬಾಯಲ್ಲಿ ಕೂತಿದ್ದ. ದವಾಖಾನೆಯವರು ಬಿಡಿಸಿದ ಮೇಲೆ ಸುಮ್ಮನೆ ತುಟಿ ಚಪ್ಪರಿಸುತ್ತಾನೆ. ನನ್ನನ್ನು ಕಂಡವನೇ, "ಪಾರವ್ವಕ್ಕಾ, ಇಲೆಕ್ಷನ್‌ಗೆ ಯಾವಾಗ ನಿಂತ್ರಿ? ಆರಿಸಿ ಬಂದ್ರ ನಮ್ಮ ಬಾಗಲಾಗ ಒಂದು ನಳ ಹಾಕಸ್ರಿ ಮತ್ತ" ಎಂದ. ಸುತ್ತಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆಮೇಲೆ ಅಕ್ಷರ ಕೂಡಿಸಿ ಕೂಡಿಸಿ ಓದಿದೆ. ಓದಿದ ಮೇಲೆ ನಗು ಬರಲಿಲ್ಲ.

"ಪಾರವ್ವಾ ಮಾವಶೀಚೀ ಮೂಠ, ನಕೋ ಪಾಲಿಕೇಚೀ ಲೂಟ." ಪಾರವ್ವ ಚಿಕ್ಕವ್ವನ ಮುಷ್ಟಿ ಇರುವಾಗ ಪಾಲಿಕೆಯ ಲೂಟಿ ಯಾಕೆ ಬೇಕು ಅಂತ ಅರ್ಥವಲ್ಲವೇ? ಅದರ ಕೆಳಗೆ, ನಿನ್ನನ್ನು ಆರಿಸಿ ತಂದರೆ ಮೂರು ವರ್ಷ ಮನೆಪಟ್ಟಿ ಮಾಫಿ, ಮನೆಯ ಕಂದಾಯ ಕಟ್ಟಬೇಕಿಲ್ಲ.

ದೀಪಾವಳಿಗೆ ಬಂದಾಗ "ದೊಡ್ಡವ್ವಾ, ಡಬ್ಬ್ಯಾಗ ಮುಷ್ಟಿ ಹಾಕು, ಒಂದು ಫೋಟೋ ತಗೀತೀನಿ" ಅಂದೆಯಲ್ಲ, ಬೆಳಕು ಸರಿಯಿಲ್ಲವೆಂದು ಮತ್ತೊಮ್ಮೆ ಹಾಕಿಸಿದೆಯಲ್ಲ, ಇದಕ್ಕೇನು? ನಾನು ಮಾಧುರಿಗೆ ತೋರಿಸಲು ತೆಗೆಯುತ್ತಿದ್ದಾನೆ ಅಂದುಕೊಂಡಿದ್ದೆ. ಹೆಂಡತಿಗೆ ತೋರಿಸುವ ಬದಲು ಹಾದಿಹೋಕರಿಗೆ ತೋರಿಸಿದೆ.

ನಮ್ಮ ಮುಷ್ಟಿ ಏನೆಂದು ನಿನಗೆ ನಾನು ಹೇಳಬೇಕೇ? ನೀನು ಅದನ್ನುಂಡು ಬೆಳೆದವನು. ನಮ್ಮ ಓಣಿಯಲ್ಲಿ ಹಿಟ್ಟು ನಾದುವ ಮುಂಚೆ ಪ್ರತಿ ಮನೆಯವಳೂ ಒಂದು ಮುಷ್ಟಿ ಜೋಳ ಡಬ್ಬಿಗೆ ಹಾಕುತ್ತಾಳೆ. ಭಾನುವಾರ ಎಲ್ಲ ಡಬ್ಬಿಗಳೂ ಒಂದೇ ಚೀಲಕ್ಕೆ. ಆ ವಾರ ಯಾರ ಮನೆಯಲ್ಲಿ ಕೂಲಿ ತಪ್ಪಿದೆಯೋ ಅವರಿಗೆ ಆ ಚೀಲ. ಸಿದ್ದಲಿಂಗಪ್ಪ ಕಟ್ಟಡಕ್ಕೆ ಕಟ್ಟಿದ ಪರಾಂಚಿಯಿಂದ ಬಿದ್ದು ಸತ್ತಾಗ ಅವನ ಹೆಂಡತಿ ರೇಣು ಬಾಣಂತಿ. ಆ ವಾರ ಶುರುವಾದದ್ದು ಇದು. ಪಾಲಿಕೆ ಬೇಡವೆಂದು ನಾವು ಮುಷ್ಟಿ ತೆಗೆದಿಡಲಿಲ್ಲ. ಪಾಲಿಕೆ ಬರಲಿಲ್ಲವೆಂದು ತೆಗೆದಿಟ್ಟೆವು. ಜೋಳದಿಂದ ಹೊಟ್ಟೆ ತುಂಬಿತು, ಆದರೆ ನೆಲಕ್ಕೆ ಹಾಸುವ ಫರಸಿ ಕಲ್ಲು ಕತ್ತರಿಸಿ ಕತ್ತರಿಸಿ ಎದೆಯೊಳಗೆ ಧೂಳು ತುಂಬಿಕೊಂಡ ಗಂಡಸರಿಗೆ ಜೋಳ ಏನು ಮಾಡೀತು? ಅದಕ್ಕೇ ವಾರ್ಡ್ ಆಫೀಸಿಗೆ ಓಡಾಡಿ, ಬೈಸಿಕೊಂಡು, ಅತ್ತು, ಕೊನೆಗೆ ಆ ಎರಡು ಕೋಣೆಯ ದವಾಖಾನೆ ತಂದೆವು. ನಿನ್ನ ದೊಡ್ಡಪ್ಪ ದಿನಾ ಮಧ್ಯಾಹ್ನ ಹೋಗಿ ಆವಿಯ ಯಂತ್ರದ ಮುಂದೆ ಕುಳಿತು ಔಷಧದ ಹೊಗೆ ಎಳೆದುಕೊಂಡು ಬಂದರೆ ಸಂಜೆ ನಾಲ್ಕು ಮಾತು ಆಡುತ್ತಿದ್ದರು.

ಮಳೆಗಾಲ ಮುಗಿದಾಗಿನಿಂದ ದವಾಖಾನೆ ಬೆಳಿಗ್ಗೆ ಮಾತ್ರ. ಯಂತ್ರ ಕೆಟ್ಟು ಮೂಲೆ ಸೇರಿದೆ. ರೊಕ್ಕ ಇಲ್ಲವಂತೆ. ರೊಕ್ಕ ಇಲ್ಲ ಎಂದು ಬಾಗಿಲು ಹಾಕಿದವರ ಎದುರಿಗೇ ನೀನು, ಇನ್ನು ಯಾರೂ ರೊಕ್ಕ ಕೊಡಬೇಡಿ ಎಂದು ನನ್ನ ಮುಖ ತೂಗುಹಾಕಿದ್ದೀ.

ಭಾನುವಾರದೊಳಗೆ ಇಳಿಸು.

ಸಿಟ್ಟಿನಲ್ಲೂ ನಿನಗೆ ಒಳ್ಳೆಯದನ್ನೇ ಬಯಸುವ
ದೊಡ್ಡವ್ವ


ಎನ್‌ಐಬಿಎಂ ರಸ್ತೆ,
ನವೆಂಬರ್ ೧೮

ಪ್ರೀತಿಯ ದೊಡ್ಡವ್ವನಿಗೆ,

ನಿನ್ನ ಕಾಗದ ಓದಿ ಮಾಧುರಿ ಬಿದ್ದು ಬಿದ್ದು ನಕ್ಕಳು, ನರುಳ್ಳಿಯ ಮಾತಿಗೆ. ಫೋನೆತ್ತುವ ಹುಡುಗನಿಗೆ ಬೈದಿದ್ದೇನೆ. ಫ್ಲೆಕ್ಸ್ ಇಳಿಸುವುದು ಮಾತ್ರ ನನ್ನ ಕೈಯಲ್ಲಿಲ್ಲ ದೊಡ್ಡವ್ವಾ. ಇಡೀ ಪ್ರಭಾಗದಲ್ಲಿ, ವಾರ್ಡಿನ ಮೂಲೆ ಮೂಲೆಗೂ, ಹಾಕಿಯಾಗಿದೆ. ನಮ್ಮ ಟವರಿನ ಫ್ಲಾಟುಗಳ ಹೆಂಗಸರು ಆ ಅಜ್ಜಿಯನ್ನು ಒಮ್ಮೆ ನೋಡಬೇಕು ಎನ್ನುತ್ತಿದ್ದಾರೆ. ನೀನು ಈ ವಯಸ್ಸಿನಲ್ಲಿ ಪ್ರಸಿದ್ಧಳಾದೆ, ನಾನೇನು ಮಾಡಲಿ!

ಸಿಟ್ಟು ಬದಿಗಿಟ್ಟು ಒಂದು ಮಾತು ಯೋಚಿಸು. ನಮ್ಮ ಮುಂದಿನ ರಸ್ತೆಯನ್ನು ಒಮ್ಮೆ ನೀರಿನವರು ಅಗೆದರು, ಒಮ್ಮೆ ಕೇಬಲ್ಲಿನವರು, ಆಮೇಲೆ ಚರಂಡಿಯವರು. ಪ್ರತಿ ಸಲ ಡಾಂಬರಿಗೆ ಹೊಸ ಬಿಲ್ಲು. ಟವರಿಗೆ ಬೇಸಿಗೆಯಲ್ಲಿ ಟ್ಯಾಂಕರಿನ ನೀರು. ಮತ್ತೆ ಇವರಿಗೆ ಪಟ್ಟಿ ಯಾಕೆ ಕಟ್ಟಬೇಕು? ನಿಮ್ಮ ಚೀಲದ ಒಂದು ಕಾಳೂ ದಾರಿ ತಪ್ಪಲಿಲ್ಲ, ಯಾಕೆಂದರೆ ಅದರಲ್ಲಿ ಸರಕಾರದ ಕೈ ಇರಲಿಲ್ಲ. ಅದನ್ನೇ ನಾನು ಎಲ್ಲರಿಗೂ ಹೇಳುತ್ತಿದ್ದೇನೆ. ನಿನಗೆ ಅವಮಾನ ಮಾಡುತ್ತಿಲ್ಲ, ನಿನ್ನ ಕೆಲಸ ದೊಡ್ಡದು ಎನ್ನುತ್ತಿದ್ದೇನೆ.

ಇನ್ನು ಎದುರಾಳಿ ಅವಧೂತ. ನಾನು ಮೂರು ವರ್ಷ ಮಾಫಿ ಎಂದ ಮರುದಿನವೇ ಅವನು ಐದು ಎಂದ, ಜೊತೆಗೆ ನೀರುಪಟ್ಟಿಯೂ ಇಲ್ಲ ಎಂದ. ಈ ಸಂತೆಯಲ್ಲಿ ಬಾಯಿ ಮುಚ್ಚಿಕೊಂಡು ನಿಲ್ಲುವವನಿಗೆ ಯಾರು ಮತ ಹಾಕುತ್ತಾರೆ?

ದವಾಖಾನೆಯ ಚಿಂತೆ ಬಿಡು. ಚಾಕಣದಲ್ಲಿ ಬಿಡಿಭಾಗದ ಕಾರ್ಖಾನೆ ಇಟ್ಟಿರುವ ಸಾಹುಕಾರರೊಬ್ಬರು ನನಗೆ ಬೇಕಾದವರು. ಅವರ ಕಡೆಯಿಂದ ದಾನ ಕೊಡಿಸುತ್ತೇನೆ. ಅಲ್ಲಿಯ ತನಕ ದೊಡ್ಡಪ್ಪನಿಗೆ ನನ್ನ ಕಾರು ಕಳಿಸುತ್ತೇನೆ, ಒಳ್ಳೆಯ ಖಾಸಗಿ ಡಾಕ್ಟರು ಇದ್ದಾರೆ. ಖರ್ಚು ನನ್ನದು. ಹೂಂ ಅನ್ನು ಸಾಕು.

ನಿನ್ನ
ಬಸೂ


ಕೊಂಢವಾ,
ಡಿಸೆಂಬರ್ ೪

ಬಸೂ,

ಕಾರು ಬಂದಿತ್ತು. ಡ್ರೈವರನಿಗೆ ಚಹ ಕುಡಿಸಿ ತಿರುಗಿ ಕಳಿಸಿದೆ. ನಿನ್ನ ದೊಡ್ಡಪ್ಪ ಹಾಸಿಗೆಯಿಂದಲೇ ಅವನಿಗೆ ಹೇಳಿದರು: "ನಾ ಒಬ್ಬಾಂವ ಕಾರಿನ್ಯಾಗ ಹೋದ್ರ ಫಕೀರಪ್ಪ ಏನ್ ಡಿಕ್ಕ್ಯಾಗ ಬರತಾನೇನು?" ಅಷ್ಟು ಹೇಳುವುದಕ್ಕೆ ನಡುವೆ ಎಷ್ಟು ಸಲ ನಿಂತರೋ. ಡ್ರೈವರ ಪಾಪ ಕೈಕಟ್ಟಿಕೊಂಡು ಕಾದ.

ನಾನು ಮತ್ತು ಫಕೀರಪ್ಪ ವಾರ್ಡ್ ಆಫೀಸಿಗೆ ಹೋಗಿದ್ದೆವು. ಅಲ್ಲಿ ನಾನೊಂದು ಹುಚ್ಚು ಕೆಲಸ ಮಾಡಿದೆ, ನಗಬೇಕಾದರೆ ನಗು. ನಮ್ಮ ಗುಡಿಸಲಿಗೂ ವರ್ಷಕ್ಕೊಮ್ಮೆ ಸೇವಾಶುಲ್ಕ ಕಟ್ಟುತ್ತೇವಲ್ಲ, ಅದರಲ್ಲಿ ದವಾಖಾನೆಯ ಪಾಲು ಬೇರೆ ತೆಗೆದಿಟ್ಟಿರುತ್ತಾರೆ ಅಂತಲೇ ನಾನು ಇಷ್ಟು ದಿನ ತಿಳಿದಿದ್ದೆ. ಡಬ್ಬಿಯ ಜೋಳ ಚೀಲಕ್ಕೆ, ಚೀಲದ ಜೋಳ ರೇಣುವಿನ ಮನೆಗೆ, ಹಾಗೆ. ಗುಮಾಸ್ತನ ಮುಂದೆ ನಿಂತು, ದವಾಖಾನೆಯ ಡಬ್ಬಿ ಎಲ್ಲಿದೆ, ಒಮ್ಮೆ ತೋರಿಸಿ, ತಳ ಕಂಡಿದೆಯೋ ಹೇಗೆ ನೋಡುತ್ತೇನೆ ಎಂದೆ. ಅವನು ಪೆನ್ನು ಕೆಳಗಿಟ್ಟು ನಕ್ಕ. ಪಕ್ಕದ ಮೇಜಿನವಳನ್ನು ಕರೆದು, ಈ ಅಜ್ಜಿ ಪಾಲಿಕೆಯ ಡಬ್ಬಿ ನೋಡಬೇಕಂತೆ ಎಂದ. ಆಮೇಲೆ ಮೆತ್ತಗೆ ಹೇಳಿದ: "ಎಲ್ಲಾ ಒಂದೇ ಕಡೆ ಬೀಳ್ತದ ಮಾವಶಿ. ಅಲ್ಲಿಂದ ಯಾರ ಕೈ ಉದ್ದ ಅದ ಅವರು ತಗೋತಾರ." ಅವನೂ ಕಲಬುರ್ಗಿ ಕಡೆಯವನಂತೆ, ನಗು ಮುಗಿದ ಮೇಲೆ ಕನ್ನಡ ಬಂತು. ಟವರುಗಳ ಬಾಕಿ ಬಂದರೆ ದವಾಖಾನೆಯೂ ನಡೆದೀತು, ಆದರೆ ಚುನಾವಣೆ ಬಂತೆಂದರೆ ಯಾರೂ ಕಟ್ಟುವುದಿಲ್ಲ, ಮಾಫಿಗೆ ಕಾಯುತ್ತಾರೆ ಎಂದ.

ಅದನ್ನು ಕೇಳಿದ ಮೇಲೆ ಸುಮ್ಮನಿರಲಾಗಲಿಲ್ಲ. ಅವಧೂತನ ಮೂಲೆಸಭೆ ನಮ್ಮ ಓಣಿಯ ತಿರುವಿನಲ್ಲೇ ಇತ್ತು, ಹೋದೆ. ನೀನು ತಪ್ಪು ತಿಳಿಯಬೇಡ, ಅವನ ಪಕ್ಷ ಸೇರಲು ಅಲ್ಲ. ನನ್ನ ಮುರುಕು ಮರಾಠಿಯಲ್ಲಿ, "ಮನೆಪಟ್ಟಿ ಬೇಡ, ನೀರುಪಟ್ಟಿ ಬೇಡ ಅಂತೀಯಪ್ಪಾ, ದವಾಖಾನೆ ಯಾವುದರಿಂದ ನಡೆಸುತ್ತೀ?" ಎಂದು ಕೇಳಿದೆ. ಅವನು ಮೈಕಿನಲ್ಲೇ ಉತ್ತರ ಕೊಟ್ಟ: "ಇಚ್ಛಾಶಕ್ತೀ ಪಾಹಿಜೇ, ಮಾವಶಿ! ಇಚ್ಛಾಶಕ್ತೀ!" ಇಚ್ಛಾಶಕ್ತಿ ಬೇಕಂತೆ. ಚಪ್ಪಾಳೆಯೋ ಚಪ್ಪಾಳೆ. ಫಕೀರಪ್ಪ ನನ್ನ ಕಿವಿಯ ಹತ್ತಿರ ಬಂದು, "ಅಕ್ಕಾ, ಇಚ್ಛಾಶಕ್ತಿ ಅಂದ್ರ ಏನ್ರೀ? ಗುಳಗಿನೋ, ಔಷಧಾನೋ? ಅಂಗಡ್ಯಾಗ ಸಿಕ್ಕರ ನಾನೂ ಎರಡು ತಗೋತೀನಿ" ಎಂದ. ಆ ಅವಧೂತನೂ ನೀನೂ ಅಣ್ಣತಮ್ಮಂದಿರೇ ಸರಿ. ಅವನು ಇಚ್ಛಾಶಕ್ತಿ ಅನ್ನುತ್ತಾನೆ, ನೀನು ಚಾಕಣದ ಸಾಹುಕಾರ ಅನ್ನುತ್ತೀ. ಸಾಹುಕಾರರ ಮನಸ್ಸು ಈ ವರ್ಷ ಇದ್ದ ಹಾಗೆ ಮುಂದಿನ ವರ್ಷವೂ ಇರುತ್ತದೆಂದು ಯಾರು ಬರೆದುಕೊಟ್ಟಿದ್ದಾರೆ? ನಿನ್ನ ದೊಡ್ಡಪ್ಪ ವರ್ಷ ಬಿಟ್ಟು ವರ್ಷ ಉಸಿರಾಡಬೇಕೇ?

ಕಳ್ಳರ ಮಾತು ಎತ್ತಿದ್ದೀಯಲ್ಲ, ಅದಕ್ಕೆ ಉತ್ತರ ಕೊಡುತ್ತೇನೆ. ನಮ್ಮ ಚೀಲದ ಒಂದು ಕಾಳೂ ದಾರಿ ತಪ್ಪಲಿಲ್ಲ ಎಂದು ಯಾರು ಹೇಳಿದರು ನಿನಗೆ? ಕಾಶಪ್ಪ ಕದ್ದ. ಚೀಲ ಅವನ ಮನೆಯಲ್ಲಿರುತ್ತಿತ್ತು, ಅವನು ದಿನಸಿ ಅಂಗಡಿಗೆ ಮಾರಿಕೊಂಡು ಕುಡಿದ. ನೀನು ಆಗ ಸಣ್ಣವನು. ಸಿಕ್ಕಿಬಿದ್ದಾಗ ನಾವು ಏನು ಮಾಡಿದೆವು? ಕಾಶಪ್ಪ ಕದ್ದ, ಆದ್ದರಿಂದ ಇನ್ನು ಯಾರೂ ಮುಷ್ಟಿ ಹಾಕಬೇಡಿ ಎಂದೆವೇ? ಹಾಗೆ ಅಂದಿದ್ದರೆ ರೇಣುವಿನ ಕೂಸು ಬದುಕುತ್ತಿರಲಿಲ್ಲ. ಚೀಲವನ್ನು ಕಾಶಪ್ಪನ ಮನೆಯಿಂದ ತಂದು ಗುಡಿಯ ಕಟ್ಟೆಯ ಮೇಲೆ ಎಲ್ಲರ ಕಣ್ಣಿಗೆ ಬೀಳುವಂತೆ ಕಟ್ಟಿದೆವು. ಕಾಶಪ್ಪನಿಗೆ ಸರಿಯಾಗಿ ಬೈದೆವು, ಅವನ ಹೆಂಡತಿಯೂ ಬೈದಳು. ಮುಷ್ಟಿ ನಿಲ್ಲಲಿಲ್ಲ.

ನೀನು ಆರಿಸಿಬಂದು ಪಾಲಿಕೆಯ ಕಾಶಪ್ಪನ ಕೈಯಿಂದ ಚೀಲ ಕಿತ್ತುಕೋ. ಅದಕ್ಕೆ ನನ್ನ ಮುಖ ಬೇಕಾದರೆ ಇಡೀ ಪುಣೆಗೆ ಅಂಟಿಸು, ಬೇಡ ಎನ್ನುವುದಿಲ್ಲ.

ದೊಡ್ಡವ್ವ


ಕೊಂಢವಾ,
ಡಿಸೆಂಬರ್ ೩೦

ಬಸೂ,

ನಿನ್ನ ಉತ್ತರ ಬರಲಿಲ್ಲ. ಆದರೆ ನಿನ್ನನ್ನು ಕಂಡೆ. ನೀನು ನನ್ನನ್ನು ಕಾಣಲಿಲ್ಲ.

ನಿನ್ನೆ ಸೇವಾಶುಲ್ಕ ಕಟ್ಟಲು ವಾರ್ಡ್ ಆಫೀಸಿನ ಪಾಳಿಯಲ್ಲಿ ನಿಂತಿದ್ದೆ. ನನ್ನ ಮುಂದೆ ರೇಣು. ಹೊರಗೆ ಗಾಡಿಗಳ ಸದ್ದಾಯಿತು. ಹುಡುಗರ ದಂಡು ಒಳಗೆ ನುಗ್ಗಿತು, ನಡುವೆ ಬಿಳಿ ಅಂಗಿಯ ನೀನು. ಪಾಳಿ ಗೀಳಿ ನಿನಗೇನಿದೆ? ನೇರ ಕಿಟಕಿಗೆ ಹೋದೆ. ನಾನು ಕಂಬದ ಮರೆಗೆ ಸರಿದೆ. ನಾಚಿಕೆ ಯಾರಿಗೆ ಆಗಬೇಕಿತ್ತು, ಯಾರು ಮರೆಯಾದರು ನೋಡು.

ಮನೆಪಟ್ಟಿ ಬಾಕಿ ಇದ್ದವರು ಚುನಾವಣೆಗೆ ನಿಲ್ಲುವ ಹಾಗಿಲ್ಲವಂತೆ. ಬಾಕಿ ಇಲ್ಲವೆಂಬ ಕಾಗದ ಅರ್ಜಿಗೆ ಲಗತ್ತಿಸಬೇಕಂತೆ. ನನಗಿದು ಗೊತ್ತಿರಲಿಲ್ಲ, ನಿನ್ನ ಬಾಯಿಂದಲೇ ಕೇಳಿ ತಿಳಿದೆ. "ಲವಕರ ಕರಾ ಸಾಹೇಬ, ಲಗೂ ಮಾಡ್ರಿ, ಸಂಜೀಕ ಅರ್ಜಿ ಹಾಕಬೇಕು" ಎಂದು ಅಂಗಲಾಚುತ್ತಿದ್ದೆ. ಗುಮಾಸ್ತ, ಅದೇ ಕಲಬುರ್ಗಿಯವನು, ಕಂಪ್ಯೂಟರು ನೋಡಿ, "ಭಾವೂ, ಟವರಿಗೆ ಬಂದಾಗಿಂದ ನೀವು ಕಟ್ಟೇ ಇಲ್ಲಲ್ರೀ" ಎಂದ. "ಕಟ್ಟಾಕತ್ತೀನಲ್ಲೋ ಈಗ!" ಎಂದೆ ನೀನು. ಅವನು ರಸೀತಿ ಹರಿದುಕೊಡುತ್ತಾ, "ಕರ ಬ್ಯಾಡ ಅನ್ನಾಕೂ ಮೊದಲ ಕರ ಕಟ್ಟಬೇಕಾತು ನೋಡ್ರಿ" ಎಂದ. ನಿನ್ನ ಹುಡುಗರು ನಕ್ಕರು. ನೀನೂ ನಕ್ಕೆ. ರೇಣು ನಗಲಿಲ್ಲ. ಅವಳು ತಿರುಗಿ ನನ್ನ ಮುಖ ನೋಡಿದಳು, ಅಷ್ಟೇ.

ಗಂಡ ಸತ್ತಾಗಿನಿಂದ ಫರಸಿ ಹೊತ್ತು ಮಗನನ್ನು ಸಾಕಿದವಳು ಅವಳು. ತಗಡಿನ ಮನೆಗೆ ಒಂದು ವರ್ಷವೂ ತಪ್ಪಿಸದೆ ಕಟ್ಟಿದ್ದಾಳೆ. ಕಟ್ಟದಿದ್ದರೆ ತಗಡು ಕಿತ್ತುಕೊಂಡು ಹೋಗುತ್ತಾರೆಂಬ ಹೆದರಿಕೆ ಅವಳಿಗೆ. ನಿನ್ನ ಟವರು ಯಾರೂ ಕಿತ್ತುಕೊಂಡು ಹೋಗುವುದಿಲ್ಲ. ಅದಕ್ಕೇ ನೀನು ಕಟ್ಟಲಿಲ್ಲ. ನೀನು ಮಾಫಿ ಮಾಡಿಸಲು ಹೊರಟಿದ್ದು ಯಾರ ಪಟ್ಟಿಯನ್ನು? ನಮ್ಮ ಸೇವಾಶುಲ್ಕದ ಹೆಸರು ನಿನ್ನ ಫ್ಲೆಕ್ಸಿನಲ್ಲಿ ಎಲ್ಲೂ ಇಲ್ಲ, ಈ ಸಲ ಕನ್ನಡಕ ಹಾಕಿಕೊಂಡೇ ಓದಿದೆ. ನಿನ್ನ ಬಾಕಿಗೆ ನನ್ನ ಮುಷ್ಟಿಯ ಮರೆಯೇ?

ನಿನ್ನ ಮುಖಕ್ಕೆ ಹೇಳಬೇಕೆಂದು ಕಂಬದ ಈಚೆ ಬಂದೆ. ಅಷ್ಟರಲ್ಲಿ ನೀನು ಹೊರಟುಹೋಗಿದ್ದೆ.

ದೊಡ್ಡಪ್ಪನಿಗೆ ಇದನ್ನು ಹೇಳಿಲ್ಲ. ನಿನ್ನನ್ನು ಹೆಗಲ ಮೇಲೆ ಹೊತ್ತು ಶಾಲೆಗೆ ಬಿಟ್ಟವರು ಅವರು.

ದೊಡ್ಡವ್ವ


ಎನ್‌ಐಬಿಎಂ ರಸ್ತೆ,
ಜನವರಿ ೩

ದೊಡ್ಡವ್ವಾ,

ಹೌದು, ಬಾಕಿ ಇತ್ತು. ಕಟ್ಟಿದೆ. ನಮ್ಮ ಟವರಿನಲ್ಲಿ ಯಾರ ಮನೆಯ ಕದ ತಟ್ಟಿದರೂ ಇದೇ ಕಥೆ. ಎಲ್ಲರೂ ಕಾಯುತ್ತಾರೆ, ಎಲ್ಲರಿಗೂ ರಿಯಾಯಿತಿ ಸಿಗುತ್ತದೆ, ಮೊದಲೇ ಕಟ್ಟಿದವನು ಮೂರ್ಖ ಅನ್ನಿಸಿಕೊಳ್ಳುತ್ತಾನೆ. ಈ ಊರಿನಲ್ಲಿ "ನಾನು ಪಟ್ಟಿ ವಸೂಲಿ ಮಾಡುತ್ತೇನೆ, ಮತ ಕೊಡಿ" ಎಂದು ಗೆದ್ದವನೊಬ್ಬನನ್ನು ತೋರಿಸು, ನಾಳೆಯೇ ಫ್ಲೆಕ್ಸ್ ಬದಲಾಯಿಸುತ್ತೇನೆ.

ಈಗ ಕೇಳು. ಬರುವ ಭಾನುವಾರ ಚೌಕದಲ್ಲಿ ನನ್ನ ಕೊನೆಯ ದೊಡ್ಡ ಸಭೆ. ಸ್ವಂತ ದೊಡ್ಡವ್ವನೇ ಬಸವಪ್ರಭುವನ್ನು ಬಿಟ್ಟಳು ಎಂದು ಅವಧೂತನ ಹುಡುಗರು ಹಬ್ಬಿಸುತ್ತಿದ್ದಾರೆ. ನೀನು ವೇದಿಕೆಯ ಮೇಲೆ ನನ್ನ ಪಕ್ಕ ಕುಳಿತರೆ ಸಾಕು. ಮಾತಾಡಬೇಡ. ಹೊಗಳಬೇಡ, ಬೈಯಬೇಡ. ಸುಮ್ಮನೆ ಕೂತು ಎದ್ದು ಹೋಗು.

ಅದಕ್ಕೆ ಬದಲಾಗಿ ನನ್ನ ಮಾತು: ಆರಿಸಿ ಬಂದ ತಿಂಗಳೊಳಗೆ ದವಾಖಾನೆ ಇಡೀ ದಿನ ತೆರೆದಿರುತ್ತದೆ. ಹೊಸ ಯಂತ್ರ. ಎಲ್ಲಿಂದ ತರುತ್ತೀ ಎಂದು ಕೇಳಬೇಡ, ತರುತ್ತೇನೆ. ಸತ್ತ ನನ್ನವ್ವನ ಮೇಲೆ ಆಣೆ. ನಿನ್ನ ತಂಗಿಯ ಆಣೆಯನ್ನು ನೀನು ನಂಬುತ್ತೀ ತಾನೇ?

ದೊಡ್ಡಪ್ಪನಿಗೋಸ್ಕರವಾದರೂ ಬಾ.

ಬಸೂ


ಕೊಂಢವಾ,
ಜನವರಿ ೬

ಬಸೂ,

ನಿನ್ನ ಕಾಗದ ದಿಂಬಿನ ಕೆಳಗಿಟ್ಟುಕೊಂಡಿದ್ದೆ. ದೊಡ್ಡಪ್ಪ ಈಗ ಒರಗಿ ಮಲಗಲಾರರು, ಗೋಡೆಗೆ ಆತು ಕೂತೇ ನಿದ್ದೆ. ಎದೆಯೊಳಗೆ ಜಲ್ಲಿ ಅಲುಗಿದ ಹಾಗೆ ಸದ್ದು.

ಬರುತ್ತೇನೆ. ಬಾಯಿ ತೆರೆಯುವುದಿಲ್ಲ. ಅವರೂ ಬರುತ್ತಾರಂತೆ, ಮುಂದಿನ ಸಾಲಿನಲ್ಲಿ ಒಂದು ಕುರ್ಚಿ ಹಾಕಿಸು, ಬೆನ್ನಿಗೆ ಆಸರೆ ಇರುವಂಥದು.

ಆಣೆ ಹಾಕುವ ಮೊದಲು ನನ್ನ ತಂಗಿಯನ್ನು ಒಂದು ಮಾತು ಕೇಳಬೇಕಿತ್ತು ನೀನು.

ದೊಡ್ಡವ್ವ


ಎನ್‌ಐಬಿಎಂ ರಸ್ತೆ,
ಜನವರಿ ೧೨

ಪಾರವ್ವನವರಿಗೆ,

ಸಭೆಯಲ್ಲಿ ನೀವು ಮಾತು ಕೊಟ್ಟಂತೆ ಬಾಯಿ ತೆರೆಯಲಿಲ್ಲ. ಅಭಿನಂದನೆಗಳು.

ಡಬ್ಬಿಯನ್ನು ಮೇಜಿನ ಮೇಲೆ ಹೂ ಹಾಕಿ ಇಟ್ಟವನು ನಾನೇ. ಬೆಳಿಗ್ಗೆ ನಿಮ್ಮ ಮನೆಯಿಂದ ತರಿಸಿದವನೂ ನಾನೇ. ನನ್ನ ಭಾಷಣದ ನಡುವೆ ನೀವು ಎದ್ದು, ಅದರ ಹೂವು ತೆಗೆದಿಟ್ಟು, ನನ್ನ ಕಾಲ ಮುಂದೆ ಅದನ್ನು ಬೋರಲು ಹಾಕಿ, ಸೆರಗು ಹೊದ್ದು ಕೆಳಗಿಳಿದು ಹೋದಿರಿ. ಇದ್ದೂ ಮುಷ್ಟಿ ಹಾಕದವನ ಹೊಸ್ತಿಲಲ್ಲಿ ಓಣಿಯ ಹೆಂಗಸರು ಡಬ್ಬಿ ಬೋರಲು ಹಾಕಿ ಹೋಗುತ್ತಾರೆ, ಆ ಮನೆಗೆ ಆಮೇಲೆ ಯಾರೂ ಬೆಂಕಿಯನ್ನೂ ಕೊಡುವುದಿಲ್ಲ, ಇದು ನಮ್ಮ ಓಣಿಯವರಿಗೆಲ್ಲ ಗೊತ್ತು. ಅವರ ಮುಖ ಒಮ್ಮೆಲೇ ಇಳಿಯಿತು. ಟವರಿನವರು ಇದೇನೋ ಪೂಜೆ ಎಂದುಕೊಂಡು ಚಪ್ಪಾಳೆ ಹೊಡೆದರು! ಅವಧೂತನ ಹುಡುಗರು ವಿಡಿಯೋ ಮಾಡಿ, ಅರ್ಥ ಬಿಡಿಸಿ ಹೇಳಿ, ಅದರ ಜೊತೆಗೆ ನಾನು ಕೊನೆಗಳಿಗೆಯಲ್ಲಿ ಬಾಕಿ ಕಟ್ಟಿದ ಕಥೆಯನ್ನೂ ಸೇರಿಸಿ ಎಲ್ಲರ ಫೋನಿಗೂ ಕಳಿಸಿದರು. ಚಪ್ಪಾಳೆ ಹೊಡೆದವರೂ ಈಗ ನಗುತ್ತಿದ್ದಾರೆ.

ಕಾಶಪ್ಪನ ಮನೆಗೂ ನೀವು ಡಬ್ಬಿ ಬೋರಲು ಹಾಕಿರಲಿಲ್ಲ. ಬೈದು ಬಿಟ್ಟಿರಿ. ನಿಮ್ಮ ಕೈತುತ್ತು ಉಂಡವನಿಗೆ ಹಾಕಿದಿರಿ.

ಐದು ವರ್ಷ ಮಾಫಿ ಎಂದವನು ಈಗ ಗೆಲ್ಲುತ್ತಾನೆ. ದವಾಖಾನೆಯನ್ನು ಅವನ ಹತ್ತಿರ ಕೇಳಿ.

ಬಸವಪ್ರಭು


ಎನ್‌ಐಬಿಎಂ ರಸ್ತೆ,
ಜನವರಿ ೨೮

ದೊಡ್ಡವ್ವನಿಗೆ ಮಾಧುರಿಯ ನಮಸ್ಕಾರಗಳು.

ಅವರು ಸೋತದ್ದು ನಿಮಗೆ ಗೊತ್ತೇ ಇದೆ. ಬರೆಯುವುದಿಲ್ಲ ಎನ್ನುತ್ತಾರೆ, ಅದಕ್ಕೇ ನಾನು ಬರೆಯುತ್ತಿದ್ದೇನೆ. ಈ ಪೆಟ್ಟಿಗೆಯಲ್ಲಿ ಆವಿಯ ಯಂತ್ರ ಇದೆ. ಹೊಸದು. ನಾನು ಕಳಿಸಿದ್ದೆಂದು ಬರೆ ಎಂದರು. ಕೊಂಡು ತಂದವರು ಅವರೇ, ಅಂಗಡಿಯವನ ಹತ್ತಿರ ನಿಂತು ಎರಡು ಸಲ ಹಚ್ಚಿ ನೋಡಿ ತಂದರು. ದೊಡ್ಡಪ್ಪನವರ ಹಾಸಿಗೆಯ ಹತ್ತಿರವೇ ಇಟ್ಟುಕೊಳ್ಳಿ, ಔಷಧ ತಿಂಗಳಿಗೊಮ್ಮೆ ಕಳಿಸುತ್ತೇವೆ.

ನಿನ್ನೆ ಅವಧೂತರು ನಮ್ಮ ಟವರಿಗೆ ಹಾರ ಹಾಕಿಸಿಕೊಳ್ಳಲು ಬಂದಿದ್ದರು. ಮಾಫಿ ಯಾವಾಗ ಎಂದು ಯಾರೋ ಕೇಳಿದರು. ಅದು ತಮ್ಮ ಕೈಯಲ್ಲಿಲ್ಲ, ಮೇಲಿನವರು ಮಾಡಬೇಕು ಎಂದರು. ಇವರು ಬಾಲ್ಕನಿಯಿಂದ ಕೇಳಿಸಿಕೊಳ್ಳುತ್ತಾ ನಿಂತಿದ್ದರು. ಒಳಗೆ ಬಂದು ಊಟ ಮಾಡಲಿಲ್ಲ.

ಇಂತಿ
ಮಾಧುರಿ


ವಾರ್ಡ್ ಆಫೀಸು, ಮನೆಪಟ್ಟಿ ಕಟ್ಟುವ ಹಾಲ್,
ಫೆಬ್ರವರಿ ೧೦

ಬಸೂ,

ಮಾಧುರಿಗೆ ಅಲ್ಲ, ನಿನಗೇ ಬರೆಯುತ್ತಿದ್ದೇನೆ. ತೊಡೆಯ ಮೇಲೆ ಕಾಗದ ಇಟ್ಟುಕೊಂಡು ಬರೆಯುವುದು, ಅಕ್ಷರ ಸೊಟ್ಟ.

ನಿನ್ನನ್ನು ನಾನು ಸೋಲಿಸಿದೆನೆಂದು ಓಣಿಯಲ್ಲಿ ಕೆಲವರು ನನ್ನ ಬೆನ್ನು ತಟ್ಟಲು ಬಂದರು. ಬೈದು ಕಳಿಸಿದೆ. ಗೆದ್ದವನು ಏನು ಒಳ್ಳೆಯವನು? ಆ ದಿನ ನಾನು ಸುಮ್ಮನೆ ಕುಳಿತೇ ಇರಬೇಕೆಂದು ಬಂದಿದ್ದೆ. ದೊಡ್ಡಪ್ಪನ ಉಸಿರಿಗಾಗಿ ಬಾಯಿಗೆ ಬೀಗ ಹಾಕಿಕೊಂಡೇ ಬಂದಿದ್ದೆ. ಆದರೆ ನೀನು ಮೈಕಿನಲ್ಲಿ ಅವರ ಕಡೆ ಬೆರಳು ಮಾಡಿದೆ. "ನೋಡಿ ನನ್ನ ದೊಡ್ಡಪ್ಪನನ್ನು. ಪಾಲಿಕೆ ಇವರಿಗೆ ಏನು ಕೊಟ್ಟಿದೆ? ಏನೂ ಇಲ್ಲ!" ಎಂದೆ. ಜನ ಎದ್ದು ನಿಂತು ನೋಡಿದರು. ಅವರು ಕೆಮ್ಮು ತಡೆದುಕೊಳ್ಳಲು ಟವೆಲ್ಲು ಬಾಯಿಗೆ ತುರುಕಿಕೊಂಡಿದ್ದರು. ಏನೂ ಕೊಟ್ಟಿಲ್ಲವೇ? ಎಷ್ಟು ವರ್ಷ ಆ ಬೆಂಚಿನ ಮೇಲೆ ಕೂತು ಉಸಿರು ತೆಗೆದುಕೊಂಡು ಬಂದರಲ್ಲ, ಅದು ಯಾರದು? ರೇಣು ಕಟ್ಟಿದ್ದು. ಅದು ನಿಂತದ್ದು ನೀನು ಕಟ್ಟದೆ ಉಳಿಸಿಕೊಂಡಿದ್ದರಿಂದ. ಕಾಶಪ್ಪ ಹಸಿವೆಯವನು, ಕುಡುಕ, ಅವನಿಗೆ ಬೈದರೆ ಸಾಕಾಗಿತ್ತು. ನೀನು ಇದ್ದವನು. ಸಾಕಿದ ಕೈಗೆ ಆ ಹಕ್ಕೂ ಇಲ್ಲವೆಂದರೆ ಇನ್ನಾರಿಗಿದೆ?

ನಿನ್ನ ಯಂತ್ರ ಬಂತು. ಒಳ್ಳೆಯದಿದೆ. ಮೊದಲ ದಿನ ಅವರು ಹೊಗೆ ಎಳೆದುಕೊಂಡು ಸಂಜೆ ಅರ್ಧ ರೊಟ್ಟಿ ತಿಂದರು. ನಾನು ಅತ್ತೆ, ಸುಳ್ಳು ಯಾಕೆ ಹೇಳಲಿ. ಮರುದಿನ ಬಾಗಿಲಲ್ಲಿ ಫಕೀರಪ್ಪ ನಿಂತಿದ್ದ. ಒಳಗೆ ಬಾ ಎಂದರೂ ಬರಲಿಲ್ಲ. "ನೀವು ಮುಗಸ್ರಿ ಅಕ್ಕಾ, ಮಿಕ್ಕಿದ್ರ ನನಗೊಂದೀಟು" ಎಂದ. ಅನ್ನ ಬೇಡುವ ಹಾಗೆ ಗಾಳಿ ಬೇಡಿದ, ಬಸೂ. ಅವನ ಹಿಂದೆ ಇನ್ನೂ ಇಬ್ಬರು.

ನಾನು ದಿನಾ ಅವರನ್ನೆಲ್ಲ ಕೂಡಿಸಿಕೊಂಡು ಮನೆಯಲ್ಲೇ ದವಾಖಾನೆ ನಡೆಸಬಹುದು. ಕೈ ಕೈ ಹಿಡಿದು ನಡೆಸಿಯೇವು. ಆಮೇಲೆ ನಿನ್ನಂಥ ಇನ್ನೊಬ್ಬ ಫೋಟೋ ತೆಗೆಯಲು ಬರುತ್ತಾನೆ. ಪಾರವ್ವ ಮಾವಶಿಯ ಯಂತ್ರ ಇರುವಾಗ ದವಾಖಾನೆ ಯಾಕೆ ಬೇಕು ಎನ್ನುತ್ತಾನೆ. ಇಲ್ಲ. ಈ ಸಲ ಆ ದಾರಿ ಹಿಡಿಯುವುದಿಲ್ಲ.

ಅದಕ್ಕೆ ಇಂದು ಮಧ್ಯಾಹ್ನ, ದವಾಖಾನೆಗೆ ಬೀಗ ಬಿದ್ದ ಮೇಲೆ, ಯಂತ್ರವನ್ನು ಸೀರೆಯಲ್ಲಿ ಸುತ್ತಿಕೊಂಡು, ದೊಡ್ಡಪ್ಪನನ್ನು ರಿಕ್ಷಾದಲ್ಲಿ ಕೂಡಿಸಿಕೊಂಡು ಇಲ್ಲಿಗೆ ಬಂದೆವು. ಬಾಕಿಯ ಮೇಲಿನ ದಂಡಕ್ಕೆ ರಿಯಾಯಿತಿ ಬಂದಿದೆಯಂತೆ, ನಿಮ್ಮ ಕಡೆಯ ಟವರಿನವರ ಪಾಳಿ ಬಾಗಿಲ ತನಕ ಇದೆ. ಪಾಳಿಯ ಪಕ್ಕದಲ್ಲೇ ಗೋಡೆಗೆ ವೈರು ಸಿಕ್ಕಿಸುವ ಜಾಗ. ರೇಣು ಸಿಕ್ಕಿಸಿದಳು. ಯಂತ್ರ ಗುರ್ ಎಂದಿತು. ಫಕೀರಪ್ಪ ಯಂತ್ರದ ಮುಖವಾಡ ಹಾಕಿಕೊಂಡು ಕೂತ. ದೊಡ್ಡಪ್ಪನಿಗೇ ಮೊದಲು ಎಂದರೆ ಅವರು ಒಪ್ಪಲಿಲ್ಲ, "ಅಂವ ಮೊದಲು ಬಂದಾನ" ಎಂದರು.

ಆಫೀಸಿನ ಸಾಹೇಬರು ಕೋಣೆಯಿಂದ ಓಡಿ ಬಂದರು. "ಮಾವಶಿ, ಹೇ ದವಾಖಾನಾ ನಾಹೀ!" ಇದು ದವಾಖಾನೆಯಲ್ಲವಂತೆ.

"ಮಗ ಕುಠೇ ಆಹೇ?" ಎಂದೆ. ಹಾಗಾದರೆ ಎಲ್ಲಿದೆ ಎಂದು. ಬೀಗ ಹಾಕಿದ ದವಾಖಾನೆಯ ಕೋಣೆಯನ್ನು ತೋರಿಸಲು ಅವರಿಗೆ ಕೈ ಏಳಲಿಲ್ಲ. ಕಲಬುರ್ಗಿಯ ಗುಮಾಸ್ತ ತಲೆ ಬಗ್ಗಿಸಿ ರಸೀತಿ ಬರೆಯುತ್ತಲೇ ಇದ್ದ. ಪಾಳಿಯಲ್ಲಿದ್ದ ಒಬ್ಬ ಹೆಂಗಸು, ಕೈಯಲ್ಲಿ ಕಾರಿನ ಕೀಲಿ, ಮೂಗಿಗೆ ಕರವಸ್ತ್ರ ಹಿಡಿದು ಇದು ಅಂಟುರೋಗವೇ ಎಂದು ಕೇಳಿದಳು. "ಇಲ್ಲ ತಾಯಿ, ಇದು ನಿಮ್ಮ ಮನೆಯ ಫರಸಿ ಧೂಳು" ಎಂದಳು ರೇಣು.

ಸಾಹೇಬರು ಪೊಲೀಸರಿಗೆ ಫೋನು ಮಾಡುತ್ತೇನೆ ಎಂದರು, ಆಮೇಲೆ ಯಾರಿಗೋ ಮೇಲಿನವರಿಗೆ ಮಾಡಿದರು. ನಾಳೆಯಿಂದ ಮಧ್ಯಾಹ್ನವೂ ಬಾಗಿಲು ತೆಗೆಯಿಸುವ ಪ್ರಯತ್ನ ಮಾಡುತ್ತೇವೆ, ಈಗ ಮನೆಗೆ ಹೋಗಿ ಎನ್ನುತ್ತಿದ್ದಾರೆ. ಪ್ರಯತ್ನ ಎಂಬ ಮಾತು ತೆಗೆದು ಹೇಳಿ, ಹೋಗುತ್ತೇವೆ ಎಂದಿದ್ದೇನೆ. ಇನ್ನೂ ತೆಗೆದಿಲ್ಲ. ನಾವೂ ಎದ್ದಿಲ್ಲ. ನಾಳೆಯೂ ಬರುತ್ತೇವೆ.

ನೀನು ಬರುವುದಾದರೆ ಕ್ಯಾಮೆರಾ ಬಿಟ್ಟು ಬಾ. ಕುರ್ಚಿ ಇಲ್ಲ, ನೆಲದ ಮೇಲೆ ಜಾಗ ಇದೆ.

ಫಕೀರಪ್ಪನದು ಮುಗಿಯಿತು. ನಿನ್ನ ದೊಡ್ಡಪ್ಪ ಈಗ ಮುಖವಾಡ ಹಾಕಿಕೊಳ್ಳುತ್ತಿದ್ದಾರೆ. ಕಿಟಕಿಯವರು, ಲೆಕ್ಕ ತಪ್ಪುತ್ತದೆ, ಸದ್ದು ಕಡಿಮೆ ಮಾಡಿ ಎಂದು ಕೂಗುತ್ತಿದ್ದಾರೆ.

ಮಾಡುವುದಿಲ್ಲ.

ನಿನ್ನ ದೊಡ್ಡವ್ವ
ಪಾರವ್ವ